ಮುಚ್ಚಿದ ಪತ್ರಿಕೆಯ ಗೌರವಧನ

ಬಾಗಿಲು ತೆರೆದ ಹಿರಿಯ ಹೆಂಗಸಿನ ಕೈಯಲ್ಲಿ ಅರ್ಧ ಸುಲಿದ ಕಿತ್ತಳೆ ಹಣ್ಣಿತ್ತು. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡಿದ್ದರು. ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತವನನ್ನು ಒಮ್ಮೆ ನೋಡಿ, ನಲ್ಲಿ ರಿಪೇರಿಗೆ ಬಂದವನಾ ಎಂದು ಕೇಳಿದರು.

ಅಲ್ಲ, ಕಥೆ ಕಳಿಸಿದವನು ಎಂದ ಅವನು.

ಯಾವ ಕಥೆ ಎಂದು ಕೇಳಿದರು. ಹೇಳಿದ. ಅವರು ಕನ್ನಡಕವನ್ನು ಕಣ್ಣಿಗೆ ಇಳಿಸಿ ಅವನ ಮುಖ ನೋಡಿದರು. "ಓ, ರೈಲಲ್ಲಿ ಪ್ರೇಮ ಆಗತ್ತಲ್ಲ, ಅದಾ? ಬನ್ನಿ ಒಳಗೆ. ನಲ್ಲಿನೂ ಒಂದ್ಸಲ ನೋಡಿಬಿಡಿ, ಎರಡು ದಿನದಿಂದ ತೊಟ್ಟಿಕ್ತಿದೆ."

ಒಳಗೆ ಉದ್ದನೆಯ ಮೇಜು. ಮೇಜಿನ ಮೇಲೆ ಒಣಗಿ ಕಲ್ಲಾದ ಗೋಂದಿನ ಬಾಟಲಿ. ಗೋಡೆಗೆ ಒರಗಿಸಿಟ್ಟ ನಾಮಫಲಕದ ಮುಖ ಗೋಡೆಯ ಕಡೆಗೇ ಇತ್ತು. ಇದ್ದ ಎರಡು ಕುರ್ಚಿಗಳಲ್ಲಿ ಒಂದರ ತುಂಬ ಲಕೋಟೆಗಳು. ಇನ್ನೊಂದರಲ್ಲಿ ಅವನನ್ನು ಕೂರಿಸಿ, ಅವರು ನಿಂತೇ ಹಣ್ಣು ಸುಲಿಯತೊಡಗಿದರು.

ಬಸ್ಸಿನಲ್ಲಿ ಬರುವಾಗ ಏನೇನು ಕೇಳಬೇಕೆಂದು ಅವನು ಬಾಯಿಪಾಠ ಮಾಡಿಕೊಂಡಿದ್ದ. ಮೂರು ಕಥೆ ಕಳಿಸಿದ್ದೇನೆ, ಮೂರೂ ವಾಪಸು ಬಂದಿವೆ, ಮೂರರ ಜೊತೆಗೂ 'ಸಂಪಾದಕರು ವಿಷಾದಿಸುತ್ತಾರೆ' ಎಂಬ ಅದೇ ಅಚ್ಚಾದ ಚೀಟಿ. ಕೊರತೆ ಏನೆಂದು ಹೇಳಿದರೆ ತಿದ್ದಿಕೊಳ್ಳುತ್ತೇನೆ. ಅದೆಲ್ಲ ಮರೆತುಹೋಗಿ, ಸಂಪಾದಕರು ಇದ್ದಾರಾ ಎಂದಷ್ಟೇ ಕೇಳಿದ.

"ಇದ್ದಾರೆ, ಅಲ್ಲಿ," ಎಂದು ಅವರು ಗೋಡೆಯ ಮೇಲಿನ ಫೋಟೋ ತೋರಿಸಿದರು. ಗಂಡನ ಜೊತೆಗೇ ಪತ್ರಿಕೆಯೂ ಹೋಗಿ ವರ್ಷಗಳೇ ಆದವಂತೆ.

ಸತ್ತ ಎಮ್ಮೆಗೆ ಹತ್ತು ಸೇರು ತುಪ್ಪ ಎಂಬ ಗಾದೆಯನ್ನು ಅವನು ಚಿಕ್ಕಂದಿನಿಂದ ಕೇಳಿದ್ದ. ಸತ್ತ ಎಮ್ಮೆ ಒದೆಯುತ್ತದೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಅವನು ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ. ಯಂತ್ರದಿಂದ ಬಂದ ಹಾಸಿಗೆ ಚಾದರಗಳನ್ನು ಮಡಚಿ, ವಾರ್ಡಿನ ಪ್ರಕಾರ ಜೋಡಿಸಿಡುವುದು ಕೆಲಸ. ಚಾದರ ಮಡಚಲು ಇಬ್ಬರು ಬೇಕು. ಜೊತೆಗಿದ್ದ ಮುದುಕ ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರನ್ನೂ ಹಾಕಲಿಲ್ಲ. ಅವನು ಗೋಡೆಗೆ ಒಂದು ಕೊಕ್ಕೆ ಹೊಡೆದು, ಚಾದರದ ಎರಡು ಮೂಲೆಗಳನ್ನು ಅದಕ್ಕೆ ಸಿಕ್ಕಿಸಿ, ಉಳಿದೆರಡನ್ನು ತಾನು ಹಿಡಿದು ಹಿಂದೆ ಸರಿದು ಮಡಚುವುದನ್ನು ಕಲಿತ. ಕೊಕ್ಕೆ ಮಾತಾಡುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಅವನು ಬರೆಯುತ್ತಾನೆಂದು ಗೊತ್ತಾದ ಮೇಲೆ ಅಲ್ಲಿನವರೆಲ್ಲ ಅವನನ್ನು 'ಕಾದಂಬರಿ' ಎಂದೇ ಕರೆಯುತ್ತಿದ್ದರು. ತಾನು ಬರೆಯುವುದು ಸಣ್ಣ ಕಥೆ ಎಂದು ಒಮ್ಮೆ ತಿದ್ದಲು ಹೋಗಿದ್ದಕ್ಕೆ, ಸಂಬಳವೂ ಸಣ್ಣದೇ ಅಲ್ವಾ, ಸರಿಹೋಯ್ತು ಬಿಡು ಎಂದಿದ್ದ ಇಸ್ತ್ರಿಯವನು.

ಅವನ ನಾಲ್ಕಾರು ಕಥೆಗಳು ಅಚ್ಚಾಗಿದ್ದುಂಟು. ಯಾರೂ ದುಡ್ಡು ಕೊಟ್ಟಿರಲಿಲ್ಲ. ಒಂದು ಪತ್ರಿಕೆ ಅವನಿಂದಲೇ ಚಂದಾ ಕೇಳಿತ್ತು. ಹಳ್ಳಿಯಲ್ಲಿದ್ದ ಅಕ್ಕನಿಗೆ ಇದು ಬಿಡಿಸಲಾಗದ ಒಗಟು. ಹಸು ಕಟ್ಟಿ, ಹಾಲು ಮಾರಿ, ಅವನನ್ನು ಪದವಿಯವರೆಗೆ ಓದಿಸಿದವಳು ಅವಳು. ತನಗೆ ಓದಲು ಬರದಿದ್ದರೂ ಅವನ ಹೆಸರು ಅಚ್ಚಾದ ಹಾಳೆಗಳನ್ನೆಲ್ಲ ಮಡಚಿ ಟ್ರಂಕಿನಲ್ಲಿಟ್ಟಿದ್ದಳು. ಆದರೂ ಫೋನಿನಲ್ಲಿ ಪ್ರತಿ ಸಲ ಅದೇ ಮಾತು.

"ನಾನು ಹಾಲು ಹಾಕಿದ್ರೆ ದುಡ್ಡು ಕೊಡ್ತಾರೆ ಕಣೋ. ನೀನು ಕಥೆ ಹಾಕಿದ್ರೆ ಯಾಕೆ ಕೊಡಲ್ಲ? ನೀರು ಗೀರು ಬೆರೆಸ್ತೀಯೇನು?"

ತಮಾಷೆಗೇ ಕೇಳುತ್ತಿದ್ದಳು. ಅವನು ನಗುತ್ತಿದ್ದ. ಫೋನಿಟ್ಟ ಮೇಲೆ ಆ ಮಾತು ಹಲ್ಲಿನ ಸಂದಿಗೆ ಸಿಕ್ಕ ನಾರಿನಂತೆ ಕಾಡುತ್ತಿತ್ತು. ಒಂದೇ ಒಂದು ಕಥೆಗೆ, ಎಷ್ಟೇ ಕಡಿಮೆಯಾಗಲಿ, ಯಾರಾದರೂ ದುಡ್ಡು ಕೊಡಬೇಕು. ಕೊಟ್ಟರು ಅಂತ ಅಕ್ಕನಿಗೆ ಹೇಳಬೇಕು. ಅವನ ಹಂಬಲ ಅಷ್ಟಕ್ಕೇ ಬಂದು ನಿಂತಿತ್ತು.

ಹೊಸ ಪತ್ರಿಕೆಗಳನ್ನು ಕೊಳ್ಳುವ ಶಕ್ತಿ ಇರಲಿಲ್ಲ. ರಜೆಯ ದಿನ ರದ್ದಿ ಅಂಗಡಿಗೆ ಹೋಗಿ, ಕಟ್ಟುಗಳ ಮೇಲೆ ಕೂತು, ಯಾವ ಪತ್ರಿಕೆಯ ಕೊನೆಯ ಪುಟದಲ್ಲಿ 'ಗೌರವಧನ' ಎಂಬ ಪದ ಇದೆಯೆಂದು ಹುಡುಕುತ್ತಿದ್ದ. ಗೌರವ ಎಲ್ಲ ಕಡೆ ಇತ್ತು, ಧನ ಇರಲಿಲ್ಲ. ಹಾಗೆ ಹುಡುಕುವಾಗ ಸಿಕ್ಕಿದ್ದು ಈ ಪತ್ರಿಕೆ. ಹೊದಿಕೆ ಹರಿದುಹೋಗಿತ್ತು, ತಾರೀಖು ಹೊದಿಕೆಯ ಜೊತೆಗೆ ಹೋಗಿತ್ತು. ಕೊನೆಯ ಪುಟದಲ್ಲಿ, ಪ್ರಕಟವಾದ ಪ್ರತಿ ಕಥೆಗೂ ಗೌರವಧನ ಕೊಡಲಾಗುವುದು, ಜೊತೆಯಲ್ಲಿ ಅಂಚೆಚೀಟಿ ಹಚ್ಚಿದ ಲಕೋಟೆ ಇರಲಿ ಎಂದಿತ್ತು. ಕಳಿಸಿದ ಕಥೆಗೆ ವಿಷಾದದ ಚೀಟಿ ಬಂತೆಂದರೆ ಪತ್ರಿಕೆ ಬದುಕಿದೆ ಎಂದೇ ಅರ್ಥ ಅಲ್ಲವೇ? ಅವನು ಮತ್ತೆ ಮತ್ತೆ ಕಳಿಸಿದ್ದ.

"ಹಾಗಾದ್ರೆ ನನ್ನ ಕಥೆ ಬೇಡ ಅಂದೋರು ಯಾರು?" ಎಂದು ಈಗ ಕೇಳಿದ.

"ನಾನೇ."

ಅಚ್ಚಾದ ಚೀಟಿಗಳು ಕಟ್ಟುಗಟ್ಟಲೆ ಉಳಿದಿದ್ದವಂತೆ. ಮೊದಮೊದಲು, ಪತ್ರಿಕೆ ನಿಂತಿದೆ ಎಂದು ಬರೆಯಲು ಕೂತಿದ್ದರಂತೆ. ಬರೆಯುವ ಮುಂಚೆ ಬಂದ ಕಥೆಯನ್ನು ಒಮ್ಮೆ ಓದೋಣ ಅನ್ನಿಸಿತಂತೆ. "ನಿಂತಿದೆ ಅಂತ ಬರೆದ್ರೆ ಆಮೇಲೆ ಯಾರು ಕಳಿಸ್ತಾರೆ? ಅಂಚೆಯವನು ಈ ಬಾಗಿಲಿಗೆ ಬರೋದೇ ಇದಕ್ಕೆ," ಎಂದರು.

ಅವನಿಗೆ ಸಿಟ್ಟು ಬಂತು. ಎರಡು ವರ್ಷ ಈ ಚೀಟಿಗಳನ್ನು ನಂಬಿ ಕಾದಿದ್ದೇನೆ, ಬೇರೆ ಕಡೆ ಕಳಿಸಬಹುದಿತ್ತು, ನನ್ನಂಥವರು ಇನ್ನೆಷ್ಟು ಜನರೋ ಎಂದ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ತಪ್ಪು ಎಂದು ಒಪ್ಪಿಕೊಂಡರು. ಆಮೇಲೆ ಕಿತ್ತಳೆಯ ಅರ್ಧವನ್ನು ಅವನ ಮುಂದಿಟ್ಟರು.

"ಪತ್ರಿಕೆ ಸುಳ್ಳು, ನಿಜ. ಓದಿದ್ದು ಸುಳ್ಳಲ್ಲಪ್ಪ. ನಿಮ್ಮ ಮೂರೂ ಕಥೆ ಬೇರೆಯವರ ಅಂಗಿ ತೊಟ್ಟ ಹಾಗಿದೆ. ಯಾರಿಗೆ ಏನು ಹಿಡಿಸತ್ತೆ ಅಂತ ನೋಡಿ ಹೊಲಿದಿದ್ದೀರ. ಮೂರನೇದ್ರಲ್ಲಿ ಒಬ್ಬಳು ಚಾದರಾನ ಕೊಕ್ಕೆಗೆ ಸಿಕ್ಕಿಸಿ ಒಬ್ಬಳೇ ಮಡಚ್ತಾಳೆ. ಆ ಕೊಕ್ಕೆ ಮಾತ್ರ ನಿಮ್ಮದು."

ಅವನ ಕಥೆಗಳ ಬಗ್ಗೆ ಅಷ್ಟು ಮಾತು ಆಡಿದವರು ಯಾರೂ ಇರಲಿಲ್ಲ. ಹಣ್ಣು ತಿಂದು, ನಲ್ಲಿಗೆ ಒಂದು ಚಿಂದಿ ಬಟ್ಟೆ ಬಿಗಿದು ಕಟ್ಟಿ ಹೊರಟುಬಂದ.

ಕೊಕ್ಕೆಯ ಕಥೆ ಬರೆಯಲು ಅವನಿಗೆ ಚಳಿಗಾಲ ಪೂರ್ತಿ ಬೇಕಾಯಿತು. ಅದರಲ್ಲಿ, ಜೊತೆಗಿದ್ದ ಮುದುಕ ನಿವೃತ್ತನಾಗಿ ಹೋದ ಮೇಲೂ ಒಬ್ಬ ಕೆಲಸಗಾರ ಚಾದರದ ಆ ತುದಿಯ ಕಡೆ ನೋಡಿ "ಹಿಡ್ಕೊಂಡ್ರಾ?" ಎಂದು ಕೇಳುತ್ತಿರುತ್ತಾನೆ, ಅದಕ್ಕಿಂತ ಹೆಚ್ಚೇನೂ ನಡೆಯುವುದಿಲ್ಲ. ದುಡ್ಡು ಕೊಡುವ ಮಾಸಿಕವೊಂದಕ್ಕೆ ಕಳಿಸಿದ. ಕಥೆಯಲ್ಲಿ ಘಟನೆ ಸಾಲದು ಎಂದರು. ಇನ್ನೊಂದು ಪತ್ರಿಕೆ ಉತ್ತರಿಸಲಿಲ್ಲ. ಕೊನೆಗೆ ತಾನೇ ತೆಗೆದುಕೊಂಡು ಹೋಗಿ ಆ ಮನೆಯಲ್ಲಿ ಕೊಟ್ಟ.

ಅವರು ಅವನೆದುರಿಗೇ ಓದಿದರು. ಓದಿ ಮುಗಿಸಿ ಹಾಳೆಗಳನ್ನು ಮಡಚಿಟ್ಟರು. ಎದ್ದು ಒಳಗೆ ಹೋಗಿ ದುಡ್ಡು ತಂದರು. ತಮ್ಮವರು ಒಂದು ಕಥೆಗೆ ಕೊಡುತ್ತಿದ್ದದ್ದು ಇಷ್ಟೇ, ಈಗಿನ ಕಾಲಕ್ಕೆ ಇದು ಏನೂ ಅಲ್ಲ ಎಂದರು. ಅವನು ಬೇಡ ಎನ್ನಲು ಬಾಯಿ ತೆರೆದ. ಅಕ್ಕ ನೆನಪಾದಳು. ತೆಗೆದುಕೊಂಡ.

ಆ ಸಂಜೆಯೇ ಫೋನು ಮಾಡಿದ. ಅಕ್ಕ ಸಂತೋಷಕ್ಕೆ ಹಸುವನ್ನೂ ಕರೆದು ಹೇಳಿದಳು. ಆಮೇಲೆ, ಯಾವ ಪತ್ರಿಕೆ, ಆ ಹಾಳೆ ಯಾವಾಗ ತರ್ತೀಯಾ, ಟ್ರಂಕಿಗೆ ಹಾಕಬೇಕು ಎಂದಳು. ಬರುತ್ತದೆ ಎಂದುಬಿಟ್ಟ. ಮುಂದಿನ ವಾರ ಅವಳು ಮತ್ತೆ ಕೇಳಿದಳು. ಅದರ ಮುಂದಿನ ವಾರವೂ. ಕೊನೆಗೆ, ಅಚ್ಚಾಗುವುದಿಲ್ಲ ಅಕ್ಕ, ಪತ್ರಿಕೆಯೇ ಇಲ್ಲ, ಒಬ್ಬರು ಅಮ್ಮ ಓದಿ ತಮ್ಮ ಕೈಯಿಂದ ಕೊಟ್ಟರು ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ.

ಅಕ್ಕ ನಗುತ್ತಾಳೆ ಅಥವಾ ಬೈಯುತ್ತಾಳೆ ಎಂದುಕೊಂಡಿದ್ದ.

"ದುಡ್ಡು ಕೊಟ್ಟು ಒಬ್ಬರೇ ಓದಿದ್ರಾ?" ಎಂದಳು ಅವಳು. "ಪಾಪ, ಆ ಅಮ್ಮಂಗೆ ಯಾರೂ ಇಲ್ವೇನೋ?"

ಅವನಿಗೆ ಗೊತ್ತಿರಲಿಲ್ಲ. ಎರಡು ಸಲ ಆ ಕುರ್ಚಿಯಲ್ಲಿ ಕೂತಿದ್ದರೂ ಅವನು ಕೇಳಿಯೇ ಇರಲಿಲ್ಲ.

ಮುಂದಿನ ರಜೆಯಂದು ಹೋಗಿ ಕೇಳಿದ. ಯಾರೂ ಇಲ್ಲ ಎಂದರು. ಅಂದೇ ಅವರು ಹೊಸದಾಗಿ ಬಂದ ಒಂದು ಲಕೋಟೆಯನ್ನು ಅವನ ಕೈಗೆ ಕೊಟ್ಟು, ಅಕ್ಷರ ಈಗೀಗ ಮಸುಕು, ಓದಿ ಹೇಳ್ತೀರಾ ಎಂದರು. ಓದುತ್ತೇನೆ, ಆದರೆ ಚೀಟಿ ಕಳಿಸುವುದಿಲ್ಲ, ಇದ್ದದ್ದನ್ನೇ ಬರೆಯುತ್ತೇನೆ ಎಂದ. ಅವರು ಗಂಡನ ಫೋಟೋದ ಕಡೆ ಒಮ್ಮೆ ನೋಡಿ, ಆಗಲಿ ಎಂದರು.

ಅವನು ಈಗಲೂ ಆಸ್ಪತ್ರೆಯಲ್ಲೇ ಇದ್ದಾನೆ. ಕೊಕ್ಕೆಗೆ ಸಿಕ್ಕಿಸಿ ಚಾದರ ಮಡಚುತ್ತಾನೆ. ಆ ಕಥೆ ಇನ್ನೂ ಎಲ್ಲೂ ಅಚ್ಚಾಗಿಲ್ಲ. ರಜೆಯ ದಿನ ಆ ಮನೆಗೆ ಹೋಗಿ, ಲಕೋಟೆ ಬಂದಿದ್ದರೆ ಕಥೆಯನ್ನು ಗಟ್ಟಿಯಾಗಿ ಓದುತ್ತಾನೆ. ಅವರು ಹೇಳಿದ್ದನ್ನು ಒಂದೆರಡು ಸಾಲಲ್ಲಿ ಬರೆದು, ಪತ್ರಿಕೆ ನಿಂತಿದೆ ಎಂದು ತಿಳಿಸಿ, ದುಡ್ಡು ಕೊಡುವ ಪತ್ರಿಕೆಗಳ ವಿಳಾಸ ಸೇರಿಸಿ ಕಳಿಸುತ್ತಾನೆ. ಲಕೋಟೆಗಳು ಈಗ ಅಪರೂಪ. ಬಾರದ ವಾರ ಇಬ್ಬರೂ ಕಿತ್ತಳೆ ತಿನ್ನುತ್ತಾರೆ, ಅವನು ಬಸ್ಸು ಹಿಡಿದು ಕೋಣೆಗೆ ಮರಳುತ್ತಾನೆ.