ಗದ್ದೆಯ ತಳದ ಪಾಚಿ

ಈ ಫೆಬ್ರವರಿಯ ಒಂದು ಭಾನುವಾರ ನಾನು ಮಾಡಿದ್ದನ್ನು ಇದ್ದ ಹಾಗೆ ಬರೆದಿಡುತ್ತೇನೆ.

ಕುಮಟಾದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಸೋಮವಾರದ ಪಾಠ ಭೂಮಿಯ ಹುಟ್ಟು. ಕರಗಿದ ಕಲ್ಲಿನ ಉಂಡೆ ಆರಿತು, ಆವಿ ಮಳೆಯಾಗಿ ಸುರಿದು ಕಡಲಾಯಿತು. ಆದರೂ ಉಸಿರಾಡುವ ಗಾಳಿ ಇರಲಿಲ್ಲ. ಅದನ್ನು ಕೋಟಿಗಟ್ಟಲೆ ವರ್ಷ ಗುಳ್ಳೆಗುಳ್ಳೆಯಾಗಿ ಬಿಟ್ಟದ್ದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು. ಅವುಗಳ ಸಂತತಿ ನಮ್ಮ ಉಪ್ಪಿನ ಗದ್ದೆಗಳ ತಳದಲ್ಲಿ ಇಂದಿಗೂ ಪಾಚಿಯಾಗಿ ಹಾಸಿಕೊಂಡಿದೆ. ಮಕ್ಕಳಿಗೆ ತೋರಿಸಬೇಕೆನಿಸಿತು.

ಪಕ್ಕದ ಮನೆಯ ಅಕ್ಕ ಉಪ್ಪಿನ ಕೆಲಸದವರು. ಅವರು ನೋಡಿಕೊಳ್ಳುವ ಗದ್ದೆಗೆ ಹೋದೆ. ಕಡಲ ಭರತದಲ್ಲಿ ಹೊಳೆಗೆ ನುಗ್ಗುವ ಉಪ್ಪುನೀರನ್ನು ಮೊದಲು ನಿಲ್ಲಿಸುವ ಗದ್ದೆ ಅದು; ಬಿಸಿಲಿಗೆ ಗಟ್ಟಿಯಾದ ನೀರನ್ನು ಉಪ್ಪಾಗಲು ಕೆಳಗಿನ ಗದ್ದೆಗಳಿಗೆ ಬಿಡುತ್ತಾರೆ. ಅಕ್ಕ ಚಹಾಕ್ಕೆ ಹೋಗಿದ್ದರು. ನಾನು ಕಾಯಲಿಲ್ಲ. ನೀರಿಗಿಳಿದು ಚಾಕು ಹಾಕಿ, ದೋಸೆ ಎಬ್ಬಿಸಿದಂತೆ, ಒಂದು ಚಾಪೆಯಗಲ ಪಾಚಿ ಎಬ್ಬಿಸಿದೆ. ಅಡಿಯಲ್ಲಿ ಕಪ್ಪು ಮಣ್ಣು ಕಂಡಿತು.

"ಎಂತ ಮಾಡ್ದ್ರಿ ಮಾಸ್ತ್ರೇ?" ಅಕ್ಕ ದಂಡೆಯ ಮೇಲೆ ನಿಂತಿದ್ದರು.

"ಸ್ವಲ್ಪ ಪಾಚಿ ಅಷ್ಟೇ ಅಕ್ಕ. ಅದು ಗಾಳಿ ಬಿಡೂದು ಮಕ್ಕಳಿಗೆ ತೋರ್ಸೂಕೆ."

"ಅದು ಗದ್ದೆ ಚರ್ಮ. ಅದಿದ್ರೇ ನೀರು ನಿಲ್ಲೂದು. ಗಾಳಿ ತೋರ್ಸೂಕೆ ನನ್ನ ಗದ್ದೆಗೆ ತೂತು ಹೊಡ್ದ್ರಿ ಅಲ್ರಾ." ಕಿತ್ತ ಜಾಗವನ್ನು ಬಗ್ಗಿ ನೋಡಿ ಹೇಳಿದರು, "ಇಲ್ಲಿ ನೀರು ಇಂಗಿದ್ರೆ ಕೆಳಗಿನ ಗದ್ದೆಗೆ ಎಂತ ಬಿಡೂದು? ಮಳೆಗೆ ಮೊದ್ಲು ಉಪ್ಪಾಗ್ಬೇಕು."

ಅವರು ಕೋಲು ನೆಟ್ಟು, ನೀರಿನ ಮಟ್ಟಕ್ಕೆ ದಾರ ಕಟ್ಟಿದರು. ಕಿತ್ತ ಜಾಗದ ಮಣ್ಣನ್ನು ಇಬ್ಬರೂ ತುಳಿದೆವು. ಪಾಚಿಯನ್ನು ಮತ್ತೆ ಹಾಸಿದೆವು. ಅಂಗೈಯಗಲ ತುಂಡನ್ನು ಅವರೇ ನನ್ನ ಡಬ್ಬಿಗೆ ಹಾಕಿದರು.

"ತಕಂಡ್ಹೋಗಿ. ಮಕ್ಕಳಾದ್ರೂ ನೋಡ್ಲಿ."

ಸೋಮವಾರ ಆ ತುಂಡನ್ನು ಗಾಜಿನ ತಟ್ಟೆಯ ನೀರಿನಲ್ಲಿ ಹಾಕಿ ಬಿಸಿಲಿಗಿಟ್ಟೆ. ಪಾಚಿಯ ಮೇಲೆ ಗುಳ್ಳೆಗಳು ಎದ್ದವು. ಮಕ್ಕಳು ಎಣಿಸತೊಡಗಿದರು. ನನ್ನ ಕಣ್ಣಿಗೆ ಬರೀ ಆ ದಾರ ಕಟ್ಟಿತ್ತು. ಸಂಜೆ ಗದ್ದೆಗೆ ಹೋಗಿ ನೋಡಿದರೆ ನೀರು ದಾರಕ್ಕಿಂತ ಎರಡು ಬೆರಳು ಕೆಳಗಿತ್ತು. ದಿನಕ್ಕೆ ಬಿಸಿಲಿಗೆ ಆರಿಹೋಗುವುದು ಅರ್ಧ ಬೆರಳು ಮಾತ್ರ; ಉಳಿದದ್ದು ಇಂಗಿತ್ತು.

ತಟ್ಟೆಯಲ್ಲಿದ್ದ ಪಾಚಿಯ ತುಂಡನ್ನೂ ತಂದು ಅದರ ಜಾಗದಲ್ಲಿಟ್ಟೆ. ಅಕ್ಕ ಹಿಮ್ಮಡಿಯಿಂದ ಒತ್ತಿದರು.

"ಮತ್ತೆ ಮಣ್ಣಿಗೆ ಹತ್ತುತ್ತಾ ಅಕ್ಕ?"

"ಹತ್ತೂಕೆ ಅದಕ್ಕೆ ಪುರುಸೊತ್ತು ಬೇಕು. ನಮಗಿಲ್ಲ, ಅಷ್ಟೇ."

ಪಾಠದಲ್ಲಿ ಕೋಟಿಗಟ್ಟಲೆ ವರ್ಷಗಳನ್ನು ಕರಿಹಲಗೆಯ ಮೇಲೆ ಸೊನ್ನೆಗಳನ್ನು ಬರೆದು ಮುಗಿಸಿದ್ದೆ. ಈಗ ಒಂದೊಂದು ದಿನವೂ ಉದ್ದ. ಅಕ್ಕ ದಿನವೂ ಸಂಜೆ ದಾರವನ್ನು ಹೊಸ ಮಟ್ಟಕ್ಕೆ ಕಟ್ಟುತ್ತಿದ್ದರು; ಆರನೆಯ ಸಂಜೆ, ಆ ದಿನ ನೀರು ಇಳಿದದ್ದು ಒಂದೇ ಬೆರಳು. ಅಕ್ಕ "ಆತು" ಎಂದರು. ಉಳಿದ ಅರ್ಧ ಬೆರಳಿನ ಲೆಕ್ಕ ನನಗೆ ಸಿಕ್ಕಿಲ್ಲ. ಶಾಲೆ ಬಿಟ್ಟೊಡನೆ ದಿನವೂ ದಾರ ನೋಡಲು ಅಲ್ಲಿಗೇ ಹೋಗುತ್ತೇನೆ.