ಎಣ್ಣೆ ಕಾಣದ ಬಿಜಾಗರಿ

"ಸದ್ದು ಮಾಡದ ಬಾಗಿಲಿರುವ ಮನೆ ಸುಖದ ಮನೆ." ಅಪ್ಪ ಹೀಗೇನೋ ಹೇಳುತ್ತಿದ್ದರು, ಪೂರ್ತಿ ಸಾಲು ನೆನಪಿಲ್ಲ. ಅದು ನಿಜವೇ ಎಂದು ನನಗೆ ಈಗಲೂ ಅನುಮಾನ.

ಇಂದು ಸಂಜೆ ಅಂಧೇರಿಯ ನನ್ನ ಮನೆಯ ಬಾಗಿಲು ಕಿರುಗುಟ್ಟಿತೆಂದು ಬಿಜಾಗರಿಗೆ ಹಾಕಲು ತೆಂಗಿನೆಣ್ಣೆ ತೆಗೆದೆ. ಆ ವಾಸನೆಗೆ ಮೊದಲು ನಾವಿದ್ದ ದಾದರಿನ ಚಾಳಿನ ಒಂದೇ ಕೋಣೆಯ ಮನೆ ಕಣ್ಣಮುಂದೆ ಬಂತು. ಅಪ್ಪ ಫೋರ್ಟಿನ ಹೋಟೆಲೊಂದರಲ್ಲಿ ಇಡ್ಲಿ ಬೇಯಿಸುತ್ತಿದ್ದರು. ಬೆಳಗಿನ ಮೊದಲ ಲೋಕಲ್ ರೈಲಿಗೇ ಹೊರಡಬೇಕಿತ್ತು. ಬಾಗಿಲ ಪಕ್ಕದಲ್ಲೇ ಅಮ್ಮನೂ ನಾನೂ ಮಲಗಿರುತ್ತಿದ್ದೆವು. ನಮಗೆ ಎಚ್ಚರವಾಗದಿರಲೆಂದು ಅಪ್ಪ ರಜೆ ಸಿಕ್ಕಾಗಲೆಲ್ಲ ಗುಡಿಸುವ ಹಿಡಿಸೂಡಿಯ ಕಡ್ಡಿಯನ್ನು ಎಣ್ಣೆಯಲ್ಲಿ ಅದ್ದಿ ಬಿಜಾಗರಿಗೆ ಹನಿಹನಿಯಾಗಿ ಬಿಡುತ್ತಿದ್ದರು.

"ತಲೆಗೆ ಹಾಕುವ ಎಣ್ಣೆಯನ್ನು ಬಾಗಿಲು ಕುಡೀತದೆ" ಎಂದು ಅಮ್ಮ ಗೊಣಗಿದರೆ, "ಅದಕ್ಕೂ ಪ್ರಾಯ ಆಯ್ತಲ್ಲ ಮಾರಾಯ್ತಿ, ಗಂಟು ನೋಯ್ತದೆ" ಎನ್ನುತ್ತಿದ್ದರು.

ಒಂದು ಬೆಳಿಗ್ಗೆ ಹಾಗೆಯೇ ಸದ್ದಿಲ್ಲದೆ ಹೋದವರು ಹೋಟೆಲಿನ ಒಲೆಯ ಮುಂದೆ ಕುಸಿದು ತೀರಿಕೊಂಡರು. ಅವರು ಹೊರಟಾಗ ನಮಗಿಬ್ಬರಿಗೂ ಎಚ್ಚರವಾಗಿರಲಿಲ್ಲ. ಆಮೇಲೆ ಅಮ್ಮ ಆ ಬಾಗಿಲಿಗೆ ಎಣ್ಣೆ ಮುಟ್ಟಿಸಲೇ ಇಲ್ಲ. ನಾನು ಕಾಲೇಜಿಗೆ ಹೊರಟಾಗಲೆಲ್ಲ ಅದು ನರಳುತ್ತಿತ್ತು, ಅಮ್ಮ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆಯೆತ್ತಿ ನೋಡುತ್ತಿದ್ದಳು.

ಈಗ ಅಮ್ಮನೂ ಇಲ್ಲ. ಮನೆಯಲ್ಲಿ ನಾನೊಬ್ಬಳೇ. ಬಾಟಲಿ ಹಿಡಿದು ನಿಂತಿದ್ದಾಗ ಎದುರುಮನೆಯ ಸುಮತಿಯಕ್ಕ ಬಾಗಿಲಿಗೆ ಬಂದರು. ಬಾಗಿಲ ಸದ್ದಿನಿಂದ ತೊಂದರೆಯಾಯಿತೇ ಎಂದು ಕೇಳಿದೆ.

"ಅದು ಇರಲಿ ಬಿಡು ಮಾರಾಯ್ತಿ. ಸಂಜೆ ಅದು ಕಿರ್ ಅಂದ ಮೇಲೆಯೇ ನಾನು ಚಾ ಇಡುವುದು. ಇಲ್ಲಾಂದ್ರೆ ನೀನು ಬಂದದ್ದು ನಂಗೆ ಹೇಗೆ ಗೊತ್ತಾಗ್ಬೇಕು?"