ಅಕ್ಕಸಾಲಿ ಬಂದುಹೋದ ಸುದ್ದಿ

ಊರಿನಿಂದ ಬಂದವರನ್ನು ‘ಎಲ್ಲರೂ ಚೆನ್ನಾಗಿದ್ದಾರಾ’ ಎಂದು ಕೇಳಬೇಡಿ. ಆ ಪ್ರಶ್ನೆಗೆ ಉತ್ತರ ಮೊದಲೇ ತಯಾರಾಗಿರುತ್ತದೆ. ಹುಣಸೆಮರ ಗುತ್ತಿಗೆ ಹಿಡಿಯುವಾಗಲೂ ಅಷ್ಟೆ, ಹಣ್ಣು ಹೇಗಿದೆ ಎಂದು ಮರದ ಒಡೆಯನನ್ನು ಕೇಳಿ ಪ್ರಯೋಜನವಿಲ್ಲ. ಮಳೆ ಯಾವಾಗ ಬಿತ್ತು, ಕೋತಿಕಾಟ ಹೇಗೆ ಎಂದು ಸುತ್ತಿ ಬಳಸಿ ಕೇಳಿದರೆ ಹಣ್ಣಿನ ವಿಷಯ ತಾನಾಗಿ ಹೊರಬೀಳುತ್ತದೆ. ಬರಿಗೈಯಲ್ಲಿ ವ್ಯಾಪಾರಕ್ಕೆ ಇಳಿದ ನನಗೆ ಇದನ್ನು ಯಾರೂ ಹೇಳಿಕೊಡಲಿಲ್ಲ. ನಿಮಗೆ ಪುಕ್ಕಟೆಯಾಗಿ ಹೇಳುತ್ತಿದ್ದೇನೆ.

ಯುದ್ಧದ ಕಾಲ. ನಾನು ಕೃಷ್ಣಗಿರಿಯಲ್ಲಿ ಹುಣಸೆ ಸುಗ್ಗಿಗೆಂದು ಕೂತಿದ್ದೆ. ಹೆಂಡತಿ ಚೊಚ್ಚಲು ಬಸುರಿ; ಜವಳಗಿರಿಯ ತೌರುಮನೆಗೆ ಕಳಿಸಿಯಾಗಿತ್ತು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದುದರಿಂದ ಆ ಕಾಡಿನ ಕಡೆಯಿಂದ ಇದ್ದಿಲ ಗಾಡಿಗಳು ನಮ್ಮಲ್ಲಿಗೆ ಬರುತ್ತಿದ್ದವು. ಅವಳ ಊರಿನವನೇ ಆದ ಒಬ್ಬ ಗಾಡಿಯವನು ನನಗೆ ಸುದ್ದಿ ತರುತ್ತಿದ್ದ. ಪ್ರತಿ ಸಲವೂ ಒಂದೇ ಸುದ್ದಿ, ಚೆನ್ನಾಗವ್ರೆ.

ಆ ಸಲವೂ ಅದನ್ನೇ ಹೇಳಿ ಎತ್ತಿನ ಕೊರಳ ಹಗ್ಗ ಬಿಚ್ಚಿದ. ಉಣ್ಣುತ್ತಾಳಾ, ಓಡಾಡುತ್ತಾಳಾ ಎಂದು ನಾನು ಬೆನ್ನುಹತ್ತಿದ್ದಕ್ಕೆ ನಕ್ಕ.

“ಹೊಟ್ಟೆ ಅವ್ರ್ದು, ನೋವು ನಿಮ್ಗಾ ಅಳಿಯಂದ್ರೆ?”

ಆಗ ನನ್ನ ದಾರಿಗೆ ಬಂದೆ. ಆನೆ ಇಳಿದಿದ್ದವಾ, ರಾಗಿ ಉಳಿಯಿತಾ, ಅತ್ತೆಯ ಮನೆಗೆ ಯಾರು ಬಂದರು, ಯಾರು ಹೋದರು ಎಂದು ಕೇಳುತ್ತಾ ಹೋದೆ. ಅವನು ಹುಲ್ಲು ಉದುರಿಸುತ್ತಾ, ಅಕ್ಕಸಾಲಿ ಬಂದಿದ್ದ ಎಂದ.

ನನಗೆ ಮೊದಲು ಬಂದದ್ದು ಸಿಟ್ಟು. ನನ್ನನ್ನು ಕೇಳದೆಯೇ ಮಗುವಿಗೆ ಬೆಳ್ಳಿಯ ಉಡಿದಾರ ಮಾಡಿಸುತ್ತಿದ್ದಾರೆ ಎಂದುಕೊಂಡೆ. ಆದರೆ ನಮ್ಮಲ್ಲಿ ಕೂಸು ಹುಟ್ಟುವ ಮುಂಚೆ ಒಂದು ಕುಲಾವಿಯನ್ನೂ ಹೊಲಿಯುವುದಿಲ್ಲ. ಅತ್ತೆಯಂತೂ ಅಂಥ ಶಾಸ್ತ್ರಗಳನ್ನು ಬಿಡುವವರಲ್ಲ. ಮಾಡಿಸುವುದಕ್ಕಲ್ಲದಿದ್ದರೆ ಅಕ್ಕಸಾಲಿ ಮನೆತನಕ ಬರುವುದು ಮತ್ತೇಕೆ? ಕತ್ತರಿಸುವುದಕ್ಕೆ.

“ಕಾಲುಂಗುರ ಕತ್ತರಿಸಿದ್ರಾ?” ಎಂದೆ.

ಅವನು ಎತ್ತಿನ ಕಡೆಗೆ ತಿರುಗಿಕೊಂಡ. “ನಿಮ್ಗೇಳ್ಬ್ಯಾಡ ಅಂದಿದ್ರು. ಕಾಲು ಊದ್ಕೊಂಡು ಬೆರಳೇ ಕಾಣ್ತಿರ್ಲಿಲ್ಲ. ಉಂಗುರದ ಬದ್ಲು ಅರಿಸಿನದ ದಾರ ಕಟ್ಟವ್ರೆ, ಏನೂ ಆಗಾಕಿಲ್ಲ ಬಿಡಿ ನಿಮ್ಗೆ.”

ನಿಮಗೆ ಎಂದ. ಗಂಡ ಬದುಕಿರುವಾಗ ಕಾಲುಂಗುರ ತೆಗೆದರೆ ಗಂಡನಿಗೆ ಕೇಡು, ಅದು ಅವನ ಕಿವಿಗೆ ಬಿದ್ದರೆ ಇನ್ನೂ ಕೇಡು. ಅಂದರೆ ಆ ಮನೆಯಲ್ಲಿ ಎಲ್ಲರೂ ಸೇರಿ ನನ್ನ ಜೀವ ಕಾಯುತ್ತಿದ್ದರು. ಊದಿಕೊಂಡು ಮಲಗಿದ್ದವಳು ಅವಳು.

ಊದುವುದು ಬಸುರಿಯರಿಗೆ ಸಹಜ ಎಂದು ಹೇಳುವವರಿದ್ದರು. ಬೆರಳು ಮುಚ್ಚಿಹೋಗುವಷ್ಟು ಊದುವುದು ಸಹಜವಲ್ಲ ಎಂಬಷ್ಟು ಬುದ್ಧಿ ನನಗಿತ್ತು. ನಮ್ಮ ಬೀದಿಯಲ್ಲೇ ಹಾಗೆ ಊದಿದ ಒಬ್ಬಳು ಹೆರಿಗೆಗೆ ಮುಂಚೆ ಕೈಕಾಲು ಸೆಳೆತ ಬಂದು ಹೋಗಿಬಿಟ್ಟಿದ್ದಳು. ಬೀಜ ಬಿಡಿಸದ ಹುಣಸೆಯನ್ನು ಪಾಲುದಾರನಿಗೆ ಒಪ್ಪಿಸಿ ಬೆಳಗಿನ ಬಸ್ಸು ಹಿಡಿದೆ.

ಇದ್ದಿಲ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುತ್ತಿತ್ತು. ನಾವು ಇಳಿದು ನಡೆಯುವುದು, ಕ್ಲೀನರು ಒಲೆ ಕೆದಕುವುದು, ಮತ್ತೆ ಹತ್ತುವುದು. ಉದ್ದನಪಲ್ಲಿಯ ಹತ್ತಿರ ಪೂರ್ತಿ ಕೆಟ್ಟು ನಿಂತಿತು. ಅಲ್ಲಿ ಹುಣಸೆಮರದ ನೆರಳಲ್ಲಿ ಕೂತವನು ಅಭ್ಯಾಸಬಲದಿಂದ ತಲೆಯೆತ್ತಿ, ಈ ಮರ ಎಷ್ಟು ತೂಗೀತು ಎಂದು ಅಂದಾಜು ಹಾಕಿದೆ. ಕಳವಳಪಟ್ಟರೆ ಬಸ್ಸು ಓಡುವುದಿಲ್ಲ. ಆದರೂ ಹಾಕಿದ ಅಂದಾಜು ಮರುಗಳಿಗೆ ಮರೆತುಹೋಗುತ್ತಿತ್ತು, ಮತ್ತೆ ಮೊದಲಿನಿಂದ ಹಾಕುತ್ತಿದ್ದೆ. ಡೆಂಕಣಿಕೋಟೆಯಿಂದಾಚೆಗೆ ಆನೆಯ ಭಯಕ್ಕೆ ಕತ್ತಲಲ್ಲಿ ಯಾರೂ ಗಾಡಿ ಕಟ್ಟುತ್ತಿರಲಿಲ್ಲ. ರಾತ್ರಿ ಅಲ್ಲೇ ಉಳಿದು, ಜವಳಗಿರಿ ಸೇರುವಾಗ ಮಾರನೆಯ ದಿನ ಹೊತ್ತೇರಿತ್ತು.

ಅವಳು ಗೋಡೆಗೆ ಒರಗಿ ಕೂತಿದ್ದಳು. ಮುಖವೂ ಊದಿತ್ತು. ತಲೆನೋವು, ಕಣ್ಣು ಮಂಜು ಮಂಜು ಎಂದಳು. ಹೊಸೂರಿನಲ್ಲಿ ಹೆಂಗಸು ಡಾಕ್ಟರೊಬ್ಬರು ಇದ್ದಾರೆ, ಇವತ್ತೇ ಹೊರಡಬೇಕು ಎಂದೆ. ಅತ್ತೆ ಬಾಗಿಲ ಮರೆಯಲ್ಲೇ ನಿಂತು, ಚೊಚ್ಚಲು ಹೆರಿಗೆ ತೌರು ಬಿಟ್ಟು ಆದರೆ ಜನ ಏನೆಂದಾರು ಎಂದರು. ಸೂಲಗಿತ್ತಿಯೂ ಅವರ ಕಡೆಗೇ ಸೇರಿದಳು.

ವ್ಯಾಪಾರದಲ್ಲಿ ಎದುರಿನವರು ಬಿಗಿಹಿಡಿದದ್ದನ್ನು ಕಿತ್ತುಕೊಳ್ಳಲು ಹೋಗಬಾರದು. ಅದನ್ನು ಅವರ ಕೈಯಲ್ಲೇ ಬಿಟ್ಟು ನಮ್ಮ ಕೆಲಸ ಮಾಡಿಕೊಳ್ಳಬೇಕು.

“ತೌರು ಅಂದ್ರೆ ಈ ಗೋಡೆನಾ ಅತ್ತೆ, ನೀವಾ?” ಎಂದೆ. “ಆಸ್ಪತ್ರೆ ಪಕ್ಕ ಒಂದು ಕೋಣೆ ಹಿಡೀತೀನಿ. ಒಲೆ ನೀವೇ ಹಚ್ಚಿ, ಬಾಣಂತನ ನೀವೇ ಮಾಡಿ. ನಾನು ಬಾಗ್ಲಾಚೆ ಇರ್ತೀನಿ.”

ಒಳಗೆ ಒನಕೆ, ಮೊರ ಬದಿಗೆ ಸರಿಸಿದ ಸದ್ದು. “ರಾಗಿಹಿಟ್ಟು ಇಲ್ಲಿಂದ್ಲೇ ಕಟ್ಕೊಂಡು ಬತ್ತೀನಿ. ಪ್ಯಾಟೆ ಹಿಟ್ಟು ನಮ್ಗಾಗಾಕಿಲ್ಲ” ಎಂದರು.

ಗಾಡಿಗೆ ಹುಲ್ಲು ದಪ್ಪಗೆ ಹಾಸಿ ಹೊರಟೆವು. ನಾನು ಎತ್ತುಗಳ ಮುಂದೆ ನಡೆದೆ. ಹಿಂದೆ ಗಾಡಿಯಲ್ಲಿ ಮಾತು ನಿಂತಾಗಲೆಲ್ಲ ತಿರುಗಿ ನೋಡುತ್ತಿದ್ದೆ. ಅವಳು ಕೈ ಆಡಿಸುತ್ತಿದ್ದಳು, ನಡಿ ಎಂಬಂತೆ.

ಹೊಸೂರಿನಲ್ಲಿ ಡಾಕ್ಟರು ಉಪ್ಪು ಬಿಡಿಸಿ, ಕತ್ತಲ ಕೋಣೆಯಲ್ಲಿ ಮಲಗಿಸಿದರು. ಇನ್ನೂ ತಡವಾಗಿದ್ದರೆ ಎಂದು ಶುರುಮಾಡಿ ಮಾತು ಮುಗಿಸಲಿಲ್ಲ. ಹೆಣ್ಣುಮಗು, ಸಣ್ಣದು, ಆದರೆ ಗಂಟಲು ದೊಡ್ಡದು. ಹೆರಿಗೆಯಾದ ಮೇಲೂ ಅವಳ ಕಣ್ಣಿನ ಮಂಜು ಕೂಡಲೇ ಹೋಗಲಿಲ್ಲ. ಅಷ್ಟು ದಿನವೂ ನಾನು ಮಾತಿನಂತೆ ಬಾಗಿಲ ಆಚೆಯೇ ಇದ್ದೆ.

ಒಂದು ಬೆಳಿಗ್ಗೆ ಅತ್ತೆ ಬಾಗಿಲು ತೆರೆದು ಒಳಗೆ ಕರೆದರು. ಅವಳು ಮಗುವನ್ನು ಬೆಳಕಿಗೆ ಹಿಡಿದು, “ಕಿವಿ ನಿಮ್ದೇ, ಪಾಪ” ಎಂದಳು. ಆಮೇಲೆ ನನ್ನ ಕಡೆ ನೋಡಿ, “ಗಡ್ಡ ಯಾಕಿಂಗೆ ಬಿಟ್ಟಿದ್ದೀರಿ? ಹೋಗಿ ಚೌರ ಮಾಡಿಸ್ಕೊಂಡು ಬನ್ನಿ” ಎಂದಳು.

ಕ್ಷೌರದಂಗಡಿ ಹುಡುಕಿಕೊಂಡು ಹೊರಟೆ.